ಕೆಳಗಿನ ಪದರ ಕೊಡದ ಭರವಸೆ

(ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ಬಿಟ್ಟಿದ್ದೇನೆ. ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಉತ್ತರದೊಂದಿಗೆ ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಶೆಡ್ಡಿನಲ್ಲಿ ಒಣಗಿದ ದ್ರಾಕ್ಷಿಯ ಫೋಟೊ ತೆಗೆದು, ದರ ಕೇಳುವುದಕ್ಕಾಗಿ ತಾಸಗಾಂವದ ಅಡತಿ ವ್ಯಾಪಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ ಎಂದು ಭಾವಿಸೋಣ. ಆ ಫೋಟೊ 3 ಲಕ್ಷ ಬೈಟ್‌ಗಳಷ್ಟಿದ್ದರೆ ಅದು ಒಂದೇ ಗಂಟಾಗಿ ಹೊರಡುವುದಿಲ್ಲ. ಸುಮಾರು 206 ತುಂಡುಗಳಾಗಿ ಹೊರಡುತ್ತದೆ. ಆ ತುಂಡುಗಳು ದಾರಿಯಲ್ಲಿ ಹಿಂದುಮುಂದಾಗಬಹುದು, ಕೆಲವು ಇಲ್ಲವಾಗಬಹುದು, ಕೆಲವು ಎರಡೆರಡು ಸಲ ತಲುಪಬಹುದು. ಇಷ್ಟೆಲ್ಲ ಆದ ಮೇಲೂ ಆಚೆ ತುದಿಯ ಸರ್ವರ್‌ನಲ್ಲಿ ಕೂಡಿಕೊಂಡ ಫೋಟೊದಲ್ಲಿ ಒಂದು ಬೈಟ್ ಕೂಡ ಹೆಚ್ಚುಕಡಿಮೆ ಇರುವುದಿಲ್ಲ. ಈ ಖಚಿತತೆಯನ್ನು ದಾರಿಯಲ್ಲಿರುವ ಯಾವ ಯಂತ್ರವೂ ಕೊಟ್ಟಿರುವುದಿಲ್ಲ ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮುಖ್ಯ ಸಂಗತಿ. ಇಂಟರ್‌ನೆಟ್‌ನ ನಡುಭಾಗಕ್ಕೆ ತಿಳಿದಿರುವುದು ಕಡಿಮೆ, ಅದು ಕೊಡುವ ಭರವಸೆಯೂ ಕಡಿಮೆ. ಅದನ್ನು ಕಟ್ಟಿದವರು ಹಾಗೆ ಬೇಕೆಂದೇ ಕಟ್ಟಿದರು.

ಪದರಗಳೆಂದರೆ ಏನು ಎಂಬುದನ್ನು ಮೊದಲು ನೋಡೋಣ. ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳಲು ಒಪ್ಪಿಕೊಂಡ ನಿಯಮಗಳ ಕಟ್ಟು ಪ್ರೋಟೊಕಾಲ್. ಆ ಕೆಲಸವನ್ನೆಲ್ಲ ಒಂದೇ ಪ್ರೋಟೊಕಾಲ್‌ಗೆ ವಹಿಸದೆ, ಒಂದರ ಮೇಲೊಂದು ಕೂರುವ ಕೆಲವು ಪ್ರೋಟೊಕಾಲ್‌ಗಳಿಗೆ ಹಂಚಿ, ಪ್ರತಿಯೊಂದೂ ತನ್ನ ಕೆಳಗಿನದರಿಂದ ಸೇವೆ ಪಡೆದು ಮೇಲಿನದಕ್ಕೆ ಸೇವೆ ಕೊಡುವಂತೆ ಏರ್ಪಡಿಸುವುದು ಪದರ ವ್ಯವಸ್ಥೆ. ಪರೀಕ್ಷೆಗೆ ಓದಿದವರಿಗೆಲ್ಲ ಏಳು ಪದರಗಳ ಪಟ್ಟಿ ಬಾಯಿಪಾಠವಾಗಿರುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ ಓಎಸ್ಐ ಮಾದರಿ ಅದು. ನಾವು ದಿನವೂ ಬಳಸುವ ಇಂಟರ್‌ನೆಟ್ ಆ ಏಳರ ಲೆಕ್ಕಕ್ಕೆ ಕಟ್ಟಿದ್ದಲ್ಲ. 1989ರ ಅಕ್ಟೋಬರ್‌ನಲ್ಲಿ ಬಂದ ಇಂಟರ್‌ನೆಟ್ ಮಾನಕ ದಾಖಲೆಯಲ್ಲಿ ಎಣಿಸಿರುವುದು ನಾಲ್ಕೇ ಪದರ: ಕೆಳಗೆ ಒಂದು ತಂತಿಯ ಅಥವಾ ಒಂದು ರೇಡಿಯೊ ಹಾದಿಯ ಮಟ್ಟಿಗಿನ ಸಂಪರ್ಕ ಪದರ, ಅದರ ಮೇಲೆ ಇಂಟರ್‌ನೆಟ್ ಪದರವಾದ ಐಪಿ, ಅದರ ಮೇಲೆ ಟಿಸಿಪಿ ಅಥವಾ ಯುಡಿಪಿ ಇರುವ ಸಾಗಣೆ ಪದರ, ಎಲ್ಲಕ್ಕೂ ಮೇಲೆ ಬ್ರೌಸರ್, ಇಮೇಲ್, ವಾಟ್ಸ್‌ಆ್ಯಪ್ ಮುಂತಾದವುಗಳ ಅನ್ವಯ ಪದರ. ಏಳರಲ್ಲಿ ಐದನೆಯದಕ್ಕೂ ಆರನೆಯದಕ್ಕೂ ಈ ಲೋಕದಲ್ಲಿ ಪ್ರತ್ಯೇಕ ಮನೆಯಿಲ್ಲ. ಅವುಗಳ ಕೆಲಸವನ್ನು ಬೇಕಾದವರು ಬೇಕಾದಲ್ಲಿ ಮಾಡಿಕೊಳ್ಳುತ್ತಾರೆ. ಏಳೋ ನಾಲ್ಕೋ ಎಂಬ ವಾದಕ್ಕೆ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯಿಲ್ಲ. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವಿನ ಗೆರೆಯನ್ನು ಎಲ್ಲಿ ಎಳೆದರು ಮತ್ತು ಏಕೆ ಎಳೆದರು ಎಂಬುದಕ್ಕೆ ಬೆಲೆಯಿದೆ.

ಈಗ ಫೋಟೊದ ಒಂದು ತುಂಡನ್ನು ಹಿಂಬಾಲಿಸೋಣ. ಮೊಬೈಲಿನ ಟಿಸಿಪಿ ಆ ತುಂಡಿಗೆ 20 ಬೈಟ್‌ಗಳ ಹೆಡರ್, ಅಂದರೆ ಮುಂಭಾಗದ ವಿವರಚೀಟಿ, ಹಚ್ಚುತ್ತದೆ. ಯಾವ ಅನ್ವಯದಿಂದ ಯಾವ ಅನ್ವಯಕ್ಕೆ ಎಂದು ತಿಳಿಸುವ ಎರಡು ಪೋರ್ಟ್ ಸಂಖ್ಯೆಗಳು, ಈ ತುಂಡಿನ ಮೊದಲ ಬೈಟ್ ಇಡೀ ಹರಿವಿನಲ್ಲಿ ಎಷ್ಟನೆಯದು ಎಂದು ಹೇಳುವ 32 ಬಿಟ್‌ಗಳ ಕ್ರಮಸಂಖ್ಯೆ, ಆಚೆಯಿಂದ ಇದುವರೆಗೆ ಎಷ್ಟು ಬಂದಿದೆ ಎಂಬ ಸ್ವೀಕೃತಿ ಸಂಖ್ಯೆ, ದಾರಿಯಲ್ಲಿ ಬೈಟ್‌ಗಳು ಕೆಟ್ಟಿವೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಎಂಬ ಅಂಕಿ ಇವೆಲ್ಲ ಅದರಲ್ಲಿರುತ್ತವೆ. ಅದನ್ನು ಪಡೆದ ಐಪಿ ಮತ್ತೆ 20 ಬೈಟ್‌ಗಳನ್ನು ಸೇರಿಸುತ್ತದೆ. ಅದರಲ್ಲಿ ಕಳಿಸುವವರ ಮತ್ತು ಪಡೆಯುವವರ ವಿಳಾಸಗಳಿರುತ್ತವೆ, ಒಳಗಿರುವುದು ಟಿಸಿಪಿಯದು ಎಂದು ಹೇಳುವ 6 ಎಂಬ ಅಂಕಿಯಿರುತ್ತದೆ, ಯುಡಿಪಿಯಾಗಿದ್ದರೆ ಅಲ್ಲಿ 17 ಇರುತ್ತಿತ್ತು. ಸಂಪರ್ಕ ಪದರದಲ್ಲಿ ಬರುವ ಈಥರ್‌ನೆಟ್ ಎಂಬ ತಂತಿ ಜಾಲದ ಹೊರಹೊದಿಕೆಯಾದ ಫ್ರೇಮ್ ಒಂದರಲ್ಲಿ ಹಿಡಿಸುವುದು 1500 ಬೈಟ್. ಅದರಲ್ಲಿ ಈ 40 ಕಳೆದರೆ ಫೋಟೊಗೆ ಉಳಿಯುವುದು 1460. ನಾನು 206 ತುಂಡುಗಳೆಂದದ್ದು ಈ ಲೆಕ್ಕದಿಂದ. ಫ್ರೇಮ್‌ನ ಮುಂದೆ ಹಿಂದೆ ಈಥರ್‌ನೆಟ್ ತನ್ನ ಪಾಲಿನ 18 ಬೈಟ್ ಸೇರಿಸುತ್ತದೆ, ಎರಡು ಫ್ರೇಮ್‌ಗಳ ನಡುವೆ ಬಿಡುವ ಖಾಲಿ ಜಾಗ ಮತ್ತು ಆರಂಭದ ಗುರುತಿಗೆ ಇನ್ನೂ 20 ಬೈಟ್‌ಗಳಷ್ಟು ಹೊತ್ತು ಹೋಗುತ್ತದೆ. ಅಂದರೆ 1538ಕ್ಕೆ 1460. ಕಚೇರಿಯಲ್ಲಿ 100 ಎಂಬಿಪಿಎಸ್ ಕೇಬಲ್ ಹಾಕಿಸಿಕೊಂಡು ಸ್ಪೀಡ್ ಟೆಸ್ಟ್‌ನಲ್ಲಿ 94 ಅಥವಾ 95 ಕಂಡು ಕೇಬಲ್‌ನವರೊಂದಿಗೆ ಜಗಳಕ್ಕೆ ನಿಲ್ಲುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಆ ಐದು ಎಲ್ಲಿಯೂ ಕಳುವಾಗಿಲ್ಲ, ಪದರಗಳ ಕೂಲಿಗೆ ಹೋಗಿದೆ.

ಮುಂದೆ ದಾರಿಯಲ್ಲಿ ನಡೆಯುವುದನ್ನು ಗಮನವಿಟ್ಟು ನೋಡಬೇಕು. ಐಪಿ ಹೆಡರ್ ಹಚ್ಚಿದ ತುಂಡು, ಅಂದರೆ ಪ್ಯಾಕೆಟ್, ದಾರಿ ತೋರಿಸುವ ಯಂತ್ರವಾದ ರೌಟರ್ ಒಂದನ್ನು ತಲುಪಿದಾಗ ಆ ರೌಟರ್ ಹೊರಗಿನ ಫ್ರೇಮನ್ನು ಕಳಚಿ ಎಸೆಯುತ್ತದೆ. ಆ ಫ್ರೇಮ್‌ನ ಮೇಲಿದ್ದ 48 ಬಿಟ್‌ಗಳ ವಿಳಾಸಗಳಿಗೆ ಆ ಒಂದು ತಂತಿಯ ಆಚೆಗೆ ಅರ್ಥವಿಲ್ಲ. ಒಳಗಿನ ಐಪಿ ಹೆಡರ್‌ನಲ್ಲಿ ಪಡೆಯುವವರ ವಿಳಾಸವನ್ನು ಓದಿ, ತನ್ನ ಪಟ್ಟಿಯಲ್ಲಿ ಆ ವಿಳಾಸಕ್ಕೆ ಅತಿ ಉದ್ದವಾಗಿ ಹೊಂದುವ ಸಾಲನ್ನು ಹುಡುಕಿ, ಮುಂದಿನ ರೌಟರ್ ಯಾವುದೆಂದು ತೀರ್ಮಾನಿಸಿ, ಹೊಸ ಫ್ರೇಮ್ ಹೊದಿಸಿ ಕಳಿಸುತ್ತದೆ. ದೊಡ್ಡ ಸಂಸ್ಥೆಗಳ ಬೆನ್ನೆಲುಬು ರೌಟರ್‌ಗಳ ಪಟ್ಟಿಯಲ್ಲಿ ಈಗ 9 ಲಕ್ಷಕ್ಕಿಂತ ಹೆಚ್ಚು ಸಾಲುಗಳಿವೆ. ಜೊತೆಗೆ ರೌಟರ್ ಐಪಿ ಹೆಡರ್‌ನ ಆಯುಷ್ಯದ ಅಂಕಿಯಿಂದ ಒಂದನ್ನು ಕಳೆಯುತ್ತದೆ. ಅದು ಸೊನ್ನೆಯಾದರೆ ಪ್ಯಾಕೆಟ್ಟನ್ನು ಅಲ್ಲಿಯೇ ಬಿಸಾಡುತ್ತದೆ. ಇಲ್ಲದಿದ್ದರೆ ಎರಡು ರೌಟರ್‌ಗಳು ಪರಸ್ಪರ ತಪ್ಪು ದಾರಿ ತೋರಿಸಿದಾಗ ಪ್ಯಾಕೆಟ್ ಅವುಗಳ ನಡುವೆ ಕೊನೆಯಿಲ್ಲದೆ ಓಡಾಡುತ್ತಿತ್ತು. ಟಿಸಿಪಿ ಹೆಡರ್‌ನೊಳಗೆ ರೌಟರ್ ಇಣುಕುವ ಅಗತ್ಯವಿಲ್ಲ. ಇದು ಫೋಟೊದ ತುಂಡೋ, ಪಹಣಿಯ ಪುಟವೋ, ಯಾರದೋ ಧ್ವನಿಯೋ ಅದಕ್ಕೆ ತಿಳಿಯದು. ಹಿಂದಿನ ತುಂಡು ಬಂದಿತ್ತೇ ಎಂಬ ನೆನಪೂ ಅದಕ್ಕಿಲ್ಲ. ಮುಂದೆ ಹೋಗಲು ಕಾಯುವ ಪ್ಯಾಕೆಟ್‌ಗಳ ಸಾಲು ತುಂಬಿಹೋಗಿದ್ದರೆ ಹೊಸದಾಗಿ ಬಂದದ್ದನ್ನು ಚೆಲ್ಲುತ್ತದೆ, ಚೆಲ್ಲಿದೆನೆಂದು ಕಳಿಸಿದವರಿಗೆ ಸಾಮಾನ್ಯವಾಗಿ ಹೇಳುವುದೂ ಇಲ್ಲ.

ಐಪಿ ತನ್ನ ಕೆಳಗಿನ ಪದರದಿಂದ ಎಷ್ಟು ಕಡಿಮೆ ಕೇಳುತ್ತದೆ ಎಂಬುದಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. 1990ರ ಏಪ್ರಿಲ್ 1ರಂದು ಡೇವಿಡ್ ವೈಟ್ಸ್‌ಮನ್ ಎಂಬವರು ಪಾರಿವಾಳಗಳ ಮೂಲಕ ಐಪಿ ಪ್ಯಾಕೆಟ್ ಕಳಿಸುವ ವಿಧಾನವನ್ನು ವಿಧಿವತ್ತಾದ ಇಂಟರ್‌ನೆಟ್ ದಾಖಲೆಯ ರೂಪದಲ್ಲಿಯೇ ಪ್ರಕಟಿಸಿದರು. 2001ರ ಏಪ್ರಿಲ್‌ನಲ್ಲಿ ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಕೆದಾರರು ಅದನ್ನು ಮಾಡಿಯೂ ತೋರಿಸಿದರು. ಕಾಗದದ ಮೇಲೆ ಮುದ್ರಿಸಿ ಪಾರಿವಾಳದ ಕಾಲಿಗೆ ಕಟ್ಟಿದ 9 ಪಿಂಗ್ (ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸುವ) ಪ್ಯಾಕೆಟ್‌ಗಳಿಗೆ 4 ಉತ್ತರಗಳು ಬಂದವು, ಒಂದೊಂದಕ್ಕೆ ಸರಾಸರಿ ಸುಮಾರು ಒಂದೂವರೆ ಗಂಟೆ ಹಿಡಿಯಿತು. ನಗುವಂಥದ್ದೇ, ಆದರೆ ಪಿಂಗ್ ಕಾರ್ಯಕ್ರಮದಲ್ಲಿಯಾಗಲಿ ಐಪಿಯಲ್ಲಿಯಾಗಲಿ ಅದಕ್ಕಾಗಿ ಏನನ್ನೂ ಬದಲಿಸಬೇಕಾಗಿರಲಿಲ್ಲ. ಆ ಕಾಲದ ಜಾಲಗಳಿಗೆಂದು ಯೋಚಿಸಿದ ಪದರ ಗಾಜಿನ ಎಳೆಯ ಮೇಲೆ, ವೈಫೈ ಮೇಲೆ, ಮೊಬೈಲ್ ಗೋಪುರದ ಮೇಲೆ ಕೂತದ್ದೂ ಇದೇ ಕಾರಣದಿಂದ. ಮೊಬೈಲ್ ಜಾಲದ ಒಳಗಂತೂ ನಿಮ್ಮ ಐಪಿ ಪ್ಯಾಕೆಟ್ಟನ್ನು ಇಡಿಯಾಗಿ ಇನ್ನೊಂದು ಯುಡಿಪಿ ಮತ್ತು ಐಪಿ ಹೊದಿಕೆಯೊಳಗೆ ಹಾಕಿ ಗೋಪುರದಿಂದ ಕೇಂದ್ರಕ್ಕೆ ಒಯ್ಯುತ್ತಾರೆ. ಐಪಿಗೆ ಐಪಿಯೇ ಕೆಳಗಿನ ಪದರವಾಗುತ್ತದೆ.

ಈ ಗೆರೆ ಮೊದಲಿನಿಂದ ಹೀಗಿರಲಿಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರ ಮೇ ತಿಂಗಳಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಳಾಸ ಹಚ್ಚಿ ಸಾಗಿಸುವುದೂ, ಕಳೆದದ್ದನ್ನು ಮತ್ತೆ ಕಳಿಸಿ ಕ್ರಮದಲ್ಲಿ ಜೋಡಿಸುವುದೂ ಒಂದೇ ಪ್ರೋಟೊಕಾಲ್‌ನ ಕೆಲಸವಾಗಿದ್ದವು. ಜಾಲ ಏನನ್ನೂ ಖಾತ್ರಿಪಡಿಸದೆ ಬಿಡಿ ಪ್ಯಾಕೆಟ್‌ಗಳನ್ನಷ್ಟೇ ಸಾಗಿಸಲಿ, ಉಳಿದದ್ದನ್ನು ತುದಿಗಳು ನೋಡಿಕೊಳ್ಳಲಿ ಎಂಬ ವಿಚಾರವನ್ನು ಫ್ರಾನ್ಸಿನ ಲೂಯಿ ಪುಜಾಂ ತಮ್ಮ ಸಿಕ್ಲಾಡ್ ಜಾಲದಲ್ಲಿ ಆಗಲೇ ಪ್ರಯೋಗಿಸುತ್ತಿದ್ದರು. ಪ್ಯಾಕೆಟ್‌ಗಳ ಮೂಲಕ ಧ್ವನಿ ಕಳಿಸಲು ಹೊರಟವರಿಗೆ ಒಂದಾಗಿದ್ದ ಟಿಸಿಪಿಯಿಂದ ತೊಡಕಾಯಿತು. ಮಾತಿನ ನಡುವಿನ ಒಂದು ಚೂರು ಕಳೆದರೆ ಕೇಳುವವರು ಸಹಿಸಿಕೊಳ್ಳುತ್ತಾರೆ, ಆ ಚೂರಿಗಾಗಿ ಉಳಿದ ಮಾತನ್ನೆಲ್ಲ ತಡೆದು ನಿಲ್ಲಿಸಿದರೆ ಸಂಭಾಷಣೆಯೇ ಕೆಡುತ್ತದೆ. ಅವರಲ್ಲೊಬ್ಬರಾದ ಡ್ಯಾನಿ ಕೋಹೆನ್ ಈ ವಾದವನ್ನು ಮುಂದಿಟ್ಟರು. 1977ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್, ಪದರಗಳ ನಿಯಮವನ್ನು ಮುರಿದು ನಾವು ವಿನ್ಯಾಸವನ್ನು ಕೆಡಿಸುತ್ತಿದ್ದೇವೆ ಎಂಬರ್ಥದ ಖಾರವಾದ ಟಿಪ್ಪಣಿಯೊಂದನ್ನು ಬರೆದರು. 1978ರಲ್ಲಿ ಒಂದು ಎರಡಾಯಿತು. ಎಲ್ಲರಿಗೂ ಬೇಕಾಗುವ, ವಿಳಾಸ ಹಚ್ಚಿ ಸಾಗಿಸುವ ಕೆಲಸ ಐಪಿಗೆ ಹೋಯಿತು, ಬೇಕಾದವರಿಗೆ ಮಾತ್ರ ಬೇಕಾಗುವ ಖಾತ್ರಿ ಟಿಸಿಪಿಯಲ್ಲಿ ಉಳಿಯಿತು, ಖಾತ್ರಿ ಬೇಡವೆನ್ನುವವರಿಗೆ 1980ರಲ್ಲಿ 8 ಬೈಟ್‌ಗಳ ಹೆಡರ್ ಇರುವ ಯುಡಿಪಿ ಬಂದಿತು. 1983ರ ಜನವರಿ 1ರಂದು, ಇಂಟರ್‌ನೆಟ್‌ಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಜಾಲ ಟಿಸಿಪಿ ಮತ್ತು ಐಪಿಯ ಜೋಡಿಗೆ ಬದಲಾಯಿತು. ಇಂದು ನಾವು ಮೊಬೈಲಿನಲ್ಲಿ ಮಾಡುವ ವಿಡಿಯೊ ಕರೆಗಳಲ್ಲಿ ಧ್ವನಿ ಮತ್ತು ಚಿತ್ರ ಸಾಮಾನ್ಯವಾಗಿ ಯುಡಿಪಿಯ ಮೇಲೆಯೇ ಸಾಗುತ್ತವೆ.

ಭರವಸೆ ಕೊಡದ ಐಪಿಯ ಮೇಲೆ ಟಿಸಿಪಿ ಭರವಸೆಯನ್ನು ಹೇಗೆ ಕಟ್ಟುತ್ತದೆ? ಮುಖ್ಯ ಸಾಧನಗಳು ಮೂರು: ಕ್ರಮಸಂಖ್ಯೆ, ಸ್ವೀಕೃತಿ ಮತ್ತು ಗಡಿಯಾರ. ಪಡೆದವರು ಇಷ್ಟನೆಯ ಬೈಟಿನವರೆಗೆ ಬಂದಿದೆ ಎಂದು ತಿಳಿಸುತ್ತಾರೆ. ಗೊತ್ತಾದ ಅವಧಿಯೊಳಗೆ ಆ ಸುದ್ದಿ ಬಾರದಿದ್ದರೆ ಕಳಿಸಿದವರು ಅದೇ ತುಂಡನ್ನು ಮತ್ತೆ ಕಳಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಕಳೆದದ್ದು ತುಂಡೋ ಅದರ ಸ್ವೀಕೃತಿಯೋ ಎಂಬುದನ್ನು ಕಳಿಸಿದವರು ಆಗ ತಿಳಿಯಲಾರರು. ಹಾಗಾಗಿ ತಲುಪಿದ ತುಂಡೇ ಇನ್ನೊಮ್ಮೆ ತಲುಪುವುದು ಅನಿವಾರ್ಯ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದೇ ಮಾತು ಹಲವು ಸಲ ಮರಳಿ ಕೇಳಿದಾಗ ಅದು ಪ್ರತಿಧ್ವನಿಯೆಂದು ನಾವು ಬಿಟ್ಟುಬಿಡುವಂತೆ, ಕ್ರಮಸಂಖ್ಯೆಯನ್ನು ನೋಡಿ ಟಿಸಿಪಿ ಎರಡನೆಯ ಪ್ರತಿಯನ್ನು ಬಿಟ್ಟುಬಿಡುತ್ತದೆ.

ಒಂದೊಂದು ತುಂಡಿಗೂ ಸ್ವೀಕೃತಿ ಕಾಯುತ್ತ ಕೂತರೆ ಕೆಲಸ ಸಾಗದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ವಿಜಯಪುರದಿಂದ ಬೆಂಗಳೂರಿಗೆ 500 ಕಿಲೋಮೀಟರ್ ಎಂದು ಹಿಡಿದರೆ ಹೋಗಿಬರಲು 5 ಮಿಲಿಸೆಕೆಂಡ್ ಬೇಕು, ಅಮೆರಿಕಕ್ಕಾದರೆ 200 ಮಿಲಿಸೆಕೆಂಡ್ ದಾಟುವುದುಂಟು. ಅದಕ್ಕಾಗಿ ಸ್ವೀಕೃತಿ ಬರುವ ಮೊದಲೇ ಇಷ್ಟು ಬೈಟ್‌ಗಳನ್ನು ಕಳಿಸಬಹುದು ಎಂಬ ಮಿತಿಯೊಂದನ್ನು ಪಡೆಯುವವರು ತಿಳಿಸುತ್ತಾರೆ. ಹೆಡರ್‌ನಲ್ಲಿ ಆ ಮಿತಿಗೆ ಇಟ್ಟ ಜಾಗ 16 ಬಿಟ್, ಅಂದರೆ ಗರಿಷ್ಠ 65,535 ಬೈಟ್. ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ಅಷ್ಟನ್ನೇ ಕಳಿಸಿ ಕಾಯುವುದಾದರೆ, ತಂತಿ ಎಷ್ಟೇ ದಪ್ಪದ್ದಿರಲಿ, ಸೆಕೆಂಡಿಗೆ ಸುಮಾರು 26 ಲಕ್ಷ ಬಿಟ್‌ಗಳಿಗಿಂತ ಹೆಚ್ಚು ಹೋಗದು. ಆ ಅಂಕಿಯನ್ನು ಗುಣಿಸಿ ಓದಿಕೊಳ್ಳುವ ಏರ್ಪಾಡನ್ನು 1992ರ ತಿದ್ದುಪಡಿಯೊಂದು ಮಾಡಿತು. ರೌಟರ್‌ಗಳಲ್ಲಿ ಯಾವುದನ್ನೂ ಮುಟ್ಟದೆ, ತುದಿಗಳ ಸಾಫ್ಟ್‌ವೇರ್ ಬದಲಿಸಿ ಇದನ್ನು ಸಾಧಿಸಿದರು.

ತುದಿಗಳ ಮೇಲೆ ಹೊರೆ ಹಾಕಿದ್ದರ ಅಪಾಯ 1986ರ ಅಕ್ಟೋಬರ್‌ನಲ್ಲಿ ಕಂಡಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸುಮಾರು 400 ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ. ಸಾಲು ತುಂಬಿ ಸ್ವೀಕೃತಿಗಳು ತಡವಾದಾಗ ಕಳಿಸುವವರೆಲ್ಲ ತುಂಡು ಕಳೆಯಿತೆಂದು ತಿಳಿದು ಮತ್ತೆ ಕಳಿಸಿದರು, ಅದರಿಂದ ಸಾಲು ಇನ್ನಷ್ಟು ತುಂಬಿತು, ಇನ್ನಷ್ಟು ಜನ ಮತ್ತೆ ಕಳಿಸಿದರು. ಪ್ರತಿಯೊಬ್ಬರೂ ನಿಯಮದಂತೆಯೇ ನಡೆದುಕೊಳ್ಳುತ್ತಿದ್ದರು. ವ್ಯಾನ್ ಜೇಕಬ್ಸನ್ ಮೈಕೆಲ್ ಕ್ಯಾರಲ್ಸ್ ಅವರೊಂದಿಗೆ ಇದರ ಮೂಲವನ್ನು ಹುಡುಕಿ 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು: ಕಡಿಮೆಯಿಂದ ಆರಂಭಿಸಿ ಸ್ವೀಕೃತಿ ಬಂದಂತೆ ಹೆಚ್ಚಿಸುತ್ತ ಹೋಗಬೇಕು, ತುಂಡು ಕಳೆದರೆ ಅದನ್ನು ದಾರಿ ತುಂಬಿದೆ ಎಂಬ ಸೂಚನೆಯೆಂದು ತಿಳಿದು ಕಳಿಸುವ ಪ್ರಮಾಣವನ್ನು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ತಗ್ಗಿಸಬೇಕು, ಕಾಯುವ ಅವಧಿಯನ್ನು ಲೆಕ್ಕ ಹಾಕುವಾಗ ಸರಾಸರಿಯ ಜೊತೆಗೆ ಏರಿಳಿತವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಇಡೀ ಇಂಟರ್‌ನೆಟ್ ಇಂದಿಗೂ ಕುಸಿಯದೆ ನಿಂತಿರುವುದರ ಹಿಂದೆ ಈ ಸ್ವಯಂ ಸಂಯಮವಿದೆ. ಜಾಲದ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ.

ಅದೇ ನಿಯಮದಲ್ಲಿ ಪದರಗಳ ಗೆರೆ ಸೋರುವ ಜಾಗವೂ ಇದೆ. ಕಳೆದದ್ದೆಲ್ಲ ದಟ್ಟಣೆಯಿಂದ ಕಳೆಯಿತು ಎಂಬ ಊಹೆ ತಂತಿಯಲ್ಲಿ ಬಹುಮಟ್ಟಿಗೆ ಸರಿ. ರೇಡಿಯೊದಲ್ಲಿ ಗೋಡೆಯಿಂದ, ದೂರದಿಂದ, ಬೇರೆ ರೇಡಿಯೊ ಅಲೆಗಳ ಗದ್ದಲದಿಂದಲೂ ಫ್ರೇಮ್‌ಗಳು ಕೆಡುತ್ತವೆ. ಅದನ್ನು ಟಿಸಿಪಿ ದಟ್ಟಣೆಯೆಂದು ತಿಳಿದು ಸುಮ್ಮನೆ ವೇಗ ತಗ್ಗಿಸಬಾರದೆಂದೇ ವೈಫೈ ಮತ್ತು ಮೊಬೈಲ್ ಜಾಲಗಳು ತಮ್ಮ ಪದರದಲ್ಲಿಯೇ ಕೆಟ್ಟ ಫ್ರೇಮನ್ನು ಮತ್ತೆ ಮತ್ತೆ ಕಳಿಸುತ್ತವೆ. ಹಾಗಾದರೆ ಖಾತ್ರಿಯ ಕೆಲಸ ಕೆಳಗೂ ಬಂತಲ್ಲ ಎಂದು ಕೇಳಬಹುದು. ಜೆರೋಮ್ ಸಾಲ್ಟ್‌ಜರ್, ಡೇವಿಡ್ ರೀಡ್ ಮತ್ತು ಡೇವಿಡ್ ಕ್ಲಾರ್ಕ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ: ಕೆಳಗಿನ ಪದರ ಮಾಡುವ ದುರಸ್ತಿ ವೇಗವನ್ನು ಹೆಚ್ಚಿಸಬಲ್ಲದು, ಆದರೆ ತುದಿಗಳು ಮಾಡಬೇಕಾದ ಪರೀಕ್ಷೆಯನ್ನು ಅದು ತಪ್ಪಿಸಲಾರದು.

ವಾಟ್ಸ್‌ಆ್ಯಪ್‌ನ ಟಿಕ್ ಗುರುತುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಿಕೋಟಾದ ಮೊಬೈಲಿನ ಟಿಸಿಪಿ ಸಂಪರ್ಕ ಇರುವುದು ಸರ್ವರ್‌ವರೆಗೆ ಮಾತ್ರ. ಅಲ್ಲಿಂದ ತಾಸಗಾಂವಕ್ಕೆ ಇರುವುದು ಬೇರೆಯೇ ಸಂಪರ್ಕ. ವ್ಯಾಪಾರಿಯ ಮೊಬೈಲ್ ಬಂದಾಗಿದ್ದರೂ ಬೆಳೆಗಾರರ ಟಿಸಿಪಿಗೆ ಎಲ್ಲ ಸ್ವೀಕೃತಿಗಳೂ ಬಂದಿರುತ್ತವೆ, ಅದರ ಮಟ್ಟಿಗೆ ಕೆಲಸ ಮುಗಿದಿರುತ್ತದೆ. ಸಂದೇಶ ವ್ಯಾಪಾರಿಯ ಮೊಬೈಲಿಗೆ ಇಳಿಯಿತೇ ಎಂಬುದನ್ನು ಟಿಸಿಪಿ ಹೇಳಲಾರದು. ಅನ್ವಯ ಪದರ ತನ್ನದೇ ಸ್ವೀಕೃತಿಯನ್ನು ತರಿಸಿಕೊಳ್ಳಬೇಕು. ಎರಡನೆಯ ಟಿಕ್ ಅದು. ಅವರು ತೆರೆದು ನೋಡಿದರೇ ಎಂಬುದು ಇನ್ನೂ ಮೇಲಿನ ಮಾತು, ಅದಕ್ಕೆ ನೀಲಿ ಬಣ್ಣವಿದೆ. ನೋಡಿದವರು ದರವನ್ನು ಒಪ್ಪುವರೇ ಎಂಬುದಕ್ಕೆ ಯಾವ ಪದರದಲ್ಲಿಯೂ ಪ್ರೋಟೊಕಾಲ್ ಇಲ್ಲ.

ಕೊನೆಯದಾಗಿ, ಈ ಶಿಸ್ತು ಸಡಿಲವಾದ ಬಗೆಯನ್ನೂ ಹೇಳಬೇಕು. ಐಪಿಯ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದು, ಎಲ್ಲ ಸೇರಿ ಸುಮಾರು 430 ಕೋಟಿ. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಒಂದೇ ವಿಳಾಸವನ್ನು ಹಲವರಿಗೆ ಹಂಚುವ ಉಪಾಯ ಅದಕ್ಕೂ ಮೊದಲೇ ಬಂದಿತ್ತು: ಮನೆಯ ಅಥವಾ ಮೊಬೈಲ್ ಕಂಪನಿಯ ಪೆಟ್ಟಿಗೆಯೊಂದು ಹೋಗುವ ಪ್ಯಾಕೆಟ್‌ನಲ್ಲಿ ಕಳಿಸಿದವರ ವಿಳಾಸವನ್ನು ಅಳಿಸಿ ತನ್ನದನ್ನು ಬರೆಯುತ್ತದೆ, ಯಾರದೆಂದು ನೆನಪಿಡಲು ಟಿಸಿಪಿ ಅಥವಾ ಯುಡಿಪಿಯ ಪೋರ್ಟ್ ಸಂಖ್ಯೆಯನ್ನೂ ತಿದ್ದುತ್ತದೆ. ನಡುದಾರಿಯ ಯಂತ್ರ ಮೇಲಿನ ಪದರದ ಹೆಡರ್ ಓದುವುದು ಹೀಗೆ ರೂಢಿಯಾಯಿತು. ಇದರ ಫಲವಾಗಿ ಟಿಸಿಪಿ ಮತ್ತು ಯುಡಿಪಿಗಳನ್ನು ಬಿಟ್ಟು ಮೂರನೆಯ ಸಾಗಣೆ ಪ್ರೋಟೊಕಾಲ್ ತಂದರೆ ಅಂಥ ಪೆಟ್ಟಿಗೆಗಳಲ್ಲಿ ಹಲವು ಅದನ್ನು ಗುರುತಿಸದೆ ಎಸೆಯುತ್ತವೆ. 2021ರ ಮೇ ತಿಂಗಳಲ್ಲಿ ಮಾನಕವಾದ ಕ್ವಿಕ್ ಎಂಬ ಹೊಸ ಸಾಗಣೆ ಪ್ರೋಟೊಕಾಲ್ ಈ ಕಾರಣಕ್ಕಾಗಿಯೇ ಯುಡಿಪಿಯ ವೇಷದಲ್ಲಿ ಸಾಗುತ್ತದೆ, ತನ್ನ ಕ್ರಮಸಂಖ್ಯೆ ಮತ್ತು ಸ್ವೀಕೃತಿಗಳನ್ನೂ ಗೂಢಲಿಪಿಯಲ್ಲಿ ಮುಚ್ಚಿ ಒಯ್ಯುತ್ತದೆ. ಮೊದಲು ನಂಬಿಕೆಯ ಮೇಲೆ ನಿಂತಿದ್ದ ಗೆರೆ ಈಗ ಬೀಗದ ಮೇಲೆ ನಿಂತಿದೆ. 128 ಬಿಟ್‌ಗಳ ವಿಳಾಸವಿರುವ ಆರನೆಯ ಆವೃತ್ತಿ ವಿಳಾಸದ ಬಡತನವನ್ನು ನೀಗಿಸುತ್ತದೆ, ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಬಳಕೆದಾರರಿಗೆ ಅದು ಈಗ ದೊರೆಯುತ್ತಿದೆ. ಆದರೆ ನಡುದಾರಿಯ ಪೆಟ್ಟಿಗೆಗಳ ಅಭ್ಯಾಸ ಅಷ್ಟು ಬೇಗ ಹೋಗುವಂಥದ್ದಲ್ಲ.

ಉಪನ್ಯಾಸದ ನಂತರ ಬಂದ ಪ್ರಶ್ನೆ ಇದು: “ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮೊಬೈಲಿನ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ, ಆದರೂ ವಿಡಿಯೊ ಹೋಗುವುದಿಲ್ಲ, ಬರಹದ ಸಂದೇಶ ಮಾತ್ರ ಹೋಗುತ್ತದೆ. ಇದು ಹೇಗೆ ಸಾಧ್ಯ, ಸರ್?”

ಕಡ್ಡಿಗಳು ಹೇಳುವುದು ಎಲ್ಲಕ್ಕೂ ಕೆಳಗಿನ ಸುದ್ದಿಯನ್ನು ಮಾತ್ರ: ಗೋಪುರದ ದನಿ ನಿಮ್ಮ ಮೊಬೈಲಿಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದನ್ನು. ನಿಮ್ಮ ಮೊಬೈಲಿನ ಸರದಿ ಯಾವಾಗ, ಅದೇ ಗೋಪುರಕ್ಕೆ ಇನ್ನೆಷ್ಟು ಸಾವಿರ ಮೊಬೈಲ್‌ಗಳು ಕಾಯುತ್ತಿವೆ, ಗೋಪುರದಿಂದ ಮುಂದಿನ ದಾರಿ ತುಂಬಿದೆಯೇ ಎಂಬುದು ಅವುಗಳಿಗೆ ಗೊತ್ತಿಲ್ಲ. ಬರಹದ ಸಂದೇಶ ಒಂದೇ ಪ್ಯಾಕೆಟ್‌ನಲ್ಲಿ ಹಿಡಿಸುತ್ತದೆ. ಎರಡು ಸಲ ಕಳೆದರೂ ಮೂರನೆಯ ಸಲ ನುಸುಳಿಬಿಡುತ್ತದೆ. ವಿಡಿಯೊಗೆ ಸಾವಿರಾರು ಪ್ಯಾಕೆಟ್‌ಗಳು ಬೇಕು, ಒಂದೊಂದು ಕಳೆದಾಗಲೂ ಸಾಗಣೆ ಪದರ ತನ್ನ ಪ್ರಮಾಣವನ್ನು ತಗ್ಗಿಸಿಕೊಳ್ಳುತ್ತ, ಮತ್ತೆ ಕಳಿಸುವ ಮುನ್ನ ಕಾಯುವ ಅವಧಿಯನ್ನು ಪ್ರತಿ ಸೋಲಿಗೂ ಇಮ್ಮಡಿಸುತ್ತ ಹೋಗುತ್ತದೆ, ಕೊನೆಗೆ ಅನ್ವಯವೇ ಕಾದು ಬೇಸತ್ತು ಕೈಬಿಡುತ್ತದೆ. ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಕಳಿಸು ಎಂದು ಒತ್ತುವುದರಿಂದ ದಟ್ಟಣೆ ಹೆಚ್ಚುವುದಷ್ಟೇ. ಜಾತ್ರೆಯಿಂದ ಮನೆಗೆ ಬಂದು ಕಳಿಸಿದರೆ ಅದೇ ವಿಡಿಯೊ ಎರಡು ಕಡ್ಡಿಯಲ್ಲಿಯೂ ಹೋಗುತ್ತದೆ.